ಹಾರ್ಮೋನಿಯಂ ಮನೆಗಳೂ ಜಾಝ್ ಮನೋಧರ್ಮವೂ

ನಮ್ಮ ಸಂಗೀತಶಾಸ್ತ್ರಜ್ಞರು ಗಾನವನ್ನು ಕಲ್ಪಿತಸಂಗೀತವೆಂದೂ ಮನೋಧರ್ಮಸಂಗೀತವೆಂದೂ ಎರಡಾಗಿ ವಿಂಗಡಿಸಿರುವರು. ವಾಗ್ಗೇಯಕಾರನು ರಚಿಸಿಟ್ಟ ಕೃತಿಯನ್ನು ಪಾಠ ಕೆಡದಂತೆ ಹಾಡುವುದು ಮೊದಲನೆಯದು. ರಾಗಾಲಾಪನೆ, ತಾನ, ನೆರವಲ್, ಕಲ್ಪನಾಸ್ವರ ಮುಂತಾದ ರೂಪಗಳಲ್ಲಿ ಗಾಯಕನು ಆ ಕ್ಷಣದಲ್ಲಿ ತಾನೇ ಹುಟ್ಟಿಸಿ ಹಾಡುವುದು ಎರಡನೆಯದು. ಮೊದಲನೆಯದನ್ನು ಗುರುಮುಖದಿಂದ ಕಲಿಯಬಹುದೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಎರಡನೆಯದು ಮಾತ್ರ ಕಲಿತು ಬರುವಂಥದಲ್ಲ, ಪೂರ್ವಜನ್ಮದ ಸಂಸ್ಕಾರದಿಂದ ಬರತಕ್ಕದ್ದೆಂಬ ನಂಬಿಕೆಯು ನಮ್ಮ ಗೃಹಸ್ಥರಲ್ಲಿ ಬಲವಾಗಿ ಬೇರೂರಿರುವುದು. ಇದರಿಂದ ಆಗಿರುವ ನಷ್ಟ ಅಲ್ಪವಲ್ಲ. ಎಷ್ಟೋ ಮಕ್ಕಳು ಆರೇಳು ವರ್ಷ ಪಾಠ ಹೇಳಿಸಿಕೊಂಡು, ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಬಳಿಕ ವಾದ್ಯಕ್ಕೆ ಮುಸುಕು ಹಾಕಿ ಮೂಲೆಗಿಡುವುದನ್ನು ನಾವು ಕಂಡಿರುವೆವು. ಅವರಿಗೆ ಪರರ ಮಾತು ಬಾಯಿಗೆ ಬಂದಿತು. ತಮ್ಮದೊಂದು ಮಾತನ್ನು ಆಡಿ ನೋಡೆಂದು ಹೇಳಿದವರು ಯಾರೂ ಇರಲಿಲ್ಲ.

ಈಚೆಗೆ ತರೀಕೆರೆಯ ಗೃಹಸ್ಥರೊಬ್ಬರು ಇದೇ ವಿಚಾರವಾಗಿ ನಮ್ಮಲ್ಲಿ ಪ್ರಸ್ತಾಪಿಸಿದರು. ಅವರ ಮಗಳಿಗೆ ಹದಿನಾಲ್ಕು ವರ್ಷ. ಮನೆಯಲ್ಲಿ ವಿದ್ಯುತ್ತಿನಿಂದ ನಡೆಯುವ ಕೀಬೋರ್ಡೊಂದುಂಟು. ಪಾಶ್ಚಾತ್ಯ ಪದ್ಧತಿಯ ಪಾಠವು ಮೂರು ವರ್ಷಗಳಿಂದ ನಡೆದಿದೆ. ಆ ಹುಡುಗಿಯು ಮೊಬೈಲಿನಲ್ಲಿ ಜಾಝ್ ಎಂಬ ಅಮೆರಿಕದ ಸಂಗೀತದ ಪಿಯಾನೋ ವಾದನವನ್ನು ಕೇಳಿ, ತನಗೂ ಅದನ್ನು ಕಲಿಸಬೇಕೆಂದು ಹಟ ಹಿಡಿದಿರುವಳಂತೆ. “ಅವರು ಪುಸ್ತಕ ನೋಡದೆ, ಮೊದಲೇ ಗಟ್ಟಿ ಮಾಡದೆ ನುಡಿಸುತ್ತಾರಂತೆ, ಮೇಷ್ಟ್ರೇ. ಹಾಗೆ ನುಡಿಸುವುದನ್ನು ಕಲಿಸುವುದುಂಟೆ? ಈ ತರೀಕೆರೆಯಲ್ಲಿ ಕಲಿಸುವವರಾದರೂ ಯಾರು?” ಎಂದು ಅವರು ಕೇಳಿದರು.

ನಾವು ಸಂಸ್ಕೃತದ ಪಾಠ ಹೇಳಿ ನಿವೃತ್ತರಾಗಿ ಕಡೂರಿನಲ್ಲಿ ನೆಲಸಿದವರು. ಸಂಗೀತವು ನಮಗೆ ಶ್ರವಣದಿಂದ ಬಂದ ಸುಖವೇ ಹೊರತು ವೃತ್ತಿಯಲ್ಲ. ಆದರೂ ಕಲಿಸುವುದು ಹೇಗೆಂಬ ಪ್ರಶ್ನೆಯು ಉಪಾಧ್ಯಾಯನಾದವನನ್ನು ಸುಮ್ಮನೆ ಕೂರಗೊಡದು. ಹುಡುಗಿಯ ವಾದನವನ್ನು ಕೇಳಿದೆವು. ಮುಂದಿಟ್ಟ ಹಾಳೆಯನ್ನು ಒಂದು ಸ್ವರವೂ ತಪ್ಪದಂತೆ ನುಡಿಸಿದಳು. “ಇದನ್ನೇ ಕೊಂಚ ಬದಲಾಯಿಸಿ ನುಡಿಸು, ತಾಯಿ” ಎಂದಾಗ ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿಬಿಟ್ಟಳು. ನಮಗೆ ಇದು ಹೊಸದಾಗಿ ಕಾಣಲಿಲ್ಲ. ರಾಮಶಬ್ದದ ರೂಪಗಳನ್ನು, ಸಂಬೋಧನೆಯೂ ಸೇರಿ ಇಪ್ಪತ್ತನಾಲ್ಕನ್ನೂ, ನಿದ್ರೆಯಲ್ಲೆಬ್ಬಿಸಿ ಕೇಳಿದರೂ ಒಪ್ಪಿಸಬಲ್ಲ ವಿದ್ಯಾರ್ಥಿಯು ಬಾಯಾರಿದಾಗ ಸಂಸ್ಕೃತದಲ್ಲಿ ನೀರು ಕೇಳಲಾರದೆ ನಿಲ್ಲುವುದುಂಟು. ವ್ಯಾಕರಣವು ಅವನಿಗೆ ಬಂದಿರುವುದು, ಮಾತು ಬಂದಿಲ್ಲ.

ಜಾಝ್ ಸಂಗೀತದ ಪರಿಚಯವಿಲ್ಲದ ವಾಚಕರಿಗೆ ಒಂದೆರಡು ಮಾತು ಹೇಳುವುದು ಅಗತ್ಯ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಇಪ್ಪತ್ತನೆಯದರ ಆದಿಯಲ್ಲಿಯೂ ಅಮೆರಿಕದ ದಕ್ಷಿಣಭಾಗದ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ, ದಾಸ್ಯದಿಂದ ಬಿಡುಗಡೆ ಹೊಂದಿದ ಆಫ್ರಿಕಾ ಮೂಲದ ಜನರ ನಡುವೆ ಇದು ರೂಪುಗೊಂಡಿತು. 1917ರಲ್ಲಿ ಇದರ ಮೊದಲ ಗ್ರಾಮಫೋನ್ ತಟ್ಟೆ ಹೊರಬಂದಿತು. ನಮ್ಮ ದೇಶಕ್ಕೆ ಇದು ತಡವಾಗಿ ಬಂದುದಲ್ಲ. ಟೆಡ್ಡಿ ವೆದರ್‌ಫರ್ಡ್ ಎಂಬ ಅಮೆರಿಕದ ಪಿಯಾನೋ ವಾದಕನು ಮುಂಬಯಿಯ ತಾಜಮಹಲ್ ಹೋಟೆಲಿನಲ್ಲಿ ನುಡಿಸಿ, 1945ರಲ್ಲಿ ಕಲ್ಕತ್ತೆಯಲ್ಲಿ ಕಾಲವಾದನು. 1958ರಲ್ಲಿ ಡೇವ್ ಬ್ರೂಬೆಕ್, 1963ರಲ್ಲಿ ಡ್ಯೂಕ್ ಎಲಿಂಗ್ಟನ್, ಇಬ್ಬರು ಹೆಸರಾಂತ ಪಿಯಾನೋ ವಾದಕರು ತಮ್ಮ ಮೇಳದೊಡನೆ ಭಾರತದಲ್ಲಿ ಸಂಚಾರ ಮಾಡಿದರು.

ಕನ್ನಡನಾಡಿಗೂ ಇದರ ಸಂಬಂಧವುಂಟು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ನಾಗಸ್ವರ ಮನೆತನದಲ್ಲಿ 1949ರಲ್ಲಿ ಜನಿಸಿದ ಕದ್ರಿ ಗೋಪಾಲನಾಥರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮಾರುಹೋಗಿ, ಜಾಝ್ ಮೇಳಗಳ ಆ ವಾದ್ಯವನ್ನೇ ಕರ್ಣಾಟಕ ಸಂಗೀತಕ್ಕೆ ಒಗ್ಗಿಸಿದರು. 1980ರ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರ ವಾದನವನ್ನು ಕೇಳಿ ತಾನೂ ಜೊತೆಗೂಡಿ ನುಡಿಸಿದನು. ಟಿ. ಎ. ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನವರೂ ಗಾಯಕಿ ರಮಾಮಣಿಯವರೂ ಚಾರ್ಲಿ ಮರಿಯಾನೋ ಎಂಬ ಜಾಝ್ ವಾದಕನೊಡನೆ ನುಡಿಸಿದ ತಟ್ಟೆಯು 1983ರಲ್ಲಿ ಯೂರೋಪಿನಲ್ಲಿ ಪ್ರಕಟವಾಯಿತು. ಇನ್ನು ಪಿಯಾನೋ. ವೀಣೆ ಶೇಷಣ್ಣನವರು (1852–1926) ಪಿಯಾನೋವನ್ನೂ ನುಡಿಸಬಲ್ಲವರಾಗಿದ್ದರು. ಜಯಚಾಮರಾಜ ಒಡೆಯರು ಪಿಯಾನೋ ವಾದನದಲ್ಲಿ ನುರಿತವರು. ರಷ್ಯದ ಮೆಟ್ನರನು ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಅವರಿಗೆ ಅರ್ಪಿಸಿದನು. ಅದೇ ಮಹಾರಾಜರು ತೊಂಬತ್ತಕ್ಕೂ ಹೆಚ್ಚು ಕರ್ಣಾಟಕ ಕೃತಿಗಳನ್ನೂ ರಚಿಸಿದರು. ಆದಕಾರಣ ಪಿಯಾನೋವನ್ನು ಪರಕೀಯವೆಂದು ದೂರವಿಡುವುದಕ್ಕೆ ಮೈಸೂರು ಸೀಮೆಯವರಿಗೆ ಕಾರಣವಿಲ್ಲ.

ಪ್ರಕೃತಕ್ಕೆ ಬರೋಣ. ಜಾಝ್ ವಾದಕನು ಮನಸ್ಸಿಗೆ ಬಂದದ್ದನ್ನು ನುಡಿಸುವನೆಂದು ತಿಳಿಯುವುದು ದೊಡ್ಡ ಪ್ರಮಾದ. ನಮ್ಮ ಕಲ್ಪನಾಸ್ವರದಲ್ಲಿ ರಾಗ, ತಾಳ, ಎಡುಪು ಎಂಬ ಮೂರು ಕಟ್ಟುಗಳಿರುವಂತೆ ಅಲ್ಲಿಯೂ ಕಟ್ಟುಗಳುಂಟು. ಬ್ಲೂಸ್ ಎಂಬ ಬಂಧವು ಎಲ್ಲಕ್ಕಿಂತ ಚಿಕ್ಕದು. ನಾಲ್ಕು ಎಣಿಕೆಯ ಹನ್ನೆರಡು ಆವರ್ತಗಳು ಸೇರಿ ಒಂದು ಸುತ್ತು. ಎಡಗೈಯಲ್ಲಿ ಕಾರ್ಡು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛ. ಷಡ್ಜದ ಗುಚ್ಛ ನಾಲ್ಕು ಆವರ್ತ, ಮಧ್ಯಮದ ಗುಚ್ಛ ಎರಡು, ಮರಳಿ ಷಡ್ಜದ್ದು ಎರಡು, ಪಂಚಮದ್ದು ಒಂದು, ಮಧ್ಯಮದ್ದು ಒಂದು, ಕೊನೆಗೆ ಷಡ್ಜದ್ದು ಎರಡು. ಸುತ್ತು ಮುಗಿದೊಡನೆ ಮತ್ತೆ ಮೊದಲಿನಿಂದ. ಬಲಗೈಯು ಈ ಸುತ್ತಿನ ಮೇಲೆ ಪ್ರತಿಸಾರಿಯೂ ಹೊಸ ಮಾತನ್ನು ನೇಯಬೇಕು. ಬಾಜಿಸುವವರಾಗಲಿ ಕೇಳುವವರಾಗಲಿ ಸುತ್ತಿನ ಲೆಕ್ಕವನ್ನು ಒಂದು ಗಳಿಗೆಯೂ ಮರೆಯುವಂತಿಲ್ಲ.

ನಮ್ಮದಕ್ಕೂ ಅವರದಕ್ಕೂ ಇರುವ ಮುಖ್ಯ ವ್ಯತ್ಯಾಸವು ಇಲ್ಲಿಯೇ. ನಮ್ಮಲ್ಲಿ ತಂಬೂರಿಯ ಷಡ್ಜವು ಅಚಲ. ರಾಗದ ಸ್ವರಗಳೆಲ್ಲ ಅದರ ಸುತ್ತ ಸಂಚರಿಸುವುವು. ಅಲ್ಲಿ ಕೆಳಗಿನ ನೆಲವೇ ಕದಲುತ್ತದೆ. ಒಂದೇ ಸ್ವರವು ನೆಲ ಬದಲಾದಂತೆ ಬೇರೆ ಅರ್ಥ ಕೊಡುವುದು. ಬೀರೂರು ಜಂಕ್ಷನ್ನಿನಲ್ಲಿ ನಿಂತವನಿಗೆ ಇದು ಸುಲಭವಾಗಿ ತಿಳಿದೀತು: ನಿಂತ ಸ್ಥಳ ಅದೇ, ಹತ್ತಿದ ಗಾಡಿಯ ಮೇಲೆ ಮುಂದಿನ ಊರು ತರೀಕೆರೆಯೋ ಅಜ್ಜಂಪುರವೋ ನಿಶ್ಚಯವಾಗುವುದು. ಬಲಗೈಯಲ್ಲಿ ಮೇಲಿನ ಷಡ್ಜವನ್ನು ಒತ್ತಿ ಹಿಡಿಯಿರಿ. ಕೆಳಗೆ ಸ-ಗ-ಪ ಇದ್ದಾಗ ಅದು ಸ್ವಗೃಹದಲ್ಲಿ ಕುಳಿತಿರುವುದು. ಕೆಳಗೆ ಮ-ದ-ಸ ಬಂದಾಗ ಅದೇ ಸ್ವರ ಮಧ್ಯಮಕ್ಕೆ ಪಂಚಮಸ್ಥಾನದಲ್ಲಿ ನಿಂತು ಬಂಧುವಿನ ಮನೆಯಲ್ಲಿದ್ದಂತೆ ಕೇಳುವುದು. ಪ-ನಿ-ರಿ ಬಂದಾಗಲಾದರೋ ಅದಕ್ಕೆ ಅಲ್ಲಿ ಸ್ಥಳವಿಲ್ಲ. ನಿಷಾದಕ್ಕೆ ಇಳಿದಲ್ಲದೆ ಕಿವಿಗೆ ಸಮಾಧಾನವಾಗದು. ಈ ಮೂರು ಅನುಭವಗಳನ್ನು ಒಂದು ಸಂಜೆಯಲ್ಲಿ ಮಗುವಿನ ಕಿವಿಗೆ ತಂದುಕೊಟ್ಟರೆ ಜಾಝಿನ ಅರ್ಧ ರಹಸ್ಯವನ್ನು ತಿಳಿಸಿದಂತಾಯಿತು.

ಅಲ್ಲಿನ ಬೋಧಕರು ಎಡಗೈಗೆ ಕಲಿಸುವ ಒಂದು ಉಪಾಯವು ನಮಗೆ ಬಹಳ ಮೆಚ್ಚುಗೆಯಾಯಿತು. ಗುಚ್ಛದ ಎಲ್ಲ ಸ್ವರಗಳನ್ನೂ ಒತ್ತಬೇಕಾಗಿಲ್ಲ. ಅದರ ಮೂರನೆಯ ಮತ್ತು ಏಳನೆಯ ಸ್ಥಾನದ ಎರಡು ಸ್ವರಗಳೇ ಸಾಕು. ಷಡ್ಜದ ಗುಚ್ಛಕ್ಕೆ ಅಂತರಗಾಂಧಾರ, ಕೈಶಿಕಿ ನಿಷಾದ. ಇವೆರಡು ಬೆರಳುಗಳನ್ನೂ ಒಂದೊಂದು ಮನೆ ಕೆಳಕ್ಕೆ, ಕಪ್ಪುಬಿಳಿ ಎನ್ನದೆ ಪಕ್ಕದ ಮನೆಗೆ, ಸರಿಸಿದರೆ ಸಾಧಾರಣಗಾಂಧಾರವೂ ಚತುಶ್ರುತಿ ಧೈವತವೂ ಆಗುವುವು. ಅವೇ ಮಧ್ಯಮದ ಗುಚ್ಛಕ್ಕೆ ಬೇಕಾದ ಸ್ವರಗಳು. ಮೊದಲಿನ ಸ್ಥಾನದಿಂದ ಒಂದೊಂದು ಮನೆ ಮೇಲಕ್ಕೆ ಸರಿಸಿದರೆ ಶುದ್ಧಮಧ್ಯಮವೂ ಕಾಕಲಿ ನಿಷಾದವೂ ಬಂದು ಪಂಚಮದ ಗುಚ್ಛ ಸಿದ್ಧ. ಎರಡು ಬೆರಳು, ಮೂರು ನೆಲೆ. ಹನ್ನೆರಡು ಆವರ್ತಗಳ ಬ್ಲೂಸ್ ಮುಗಿಯಿತು. ಪಾಣಿನಿಯು ಈ ಲಾಘವವನ್ನು ಕಂಡಿದ್ದರೆ ಪುತ್ರೋತ್ಸವದಷ್ಟು ಸಂತೋಷಪಡುತ್ತಿದ್ದನೆಂದು ನಾವು ಹಾಸ್ಯಕ್ಕಾಗಿ ಹೇಳುವುದುಂಟು.

ನಡೆಯ ವಿಚಾರವೊಂದು ಉಳಿದಿದೆ. ಒಂದು ಎಣಿಕೆಗೆ ಎರಡು ಸ್ವರಗಳಿದ್ದರೆ ಜಾಝಿನವರು ಅವನ್ನು ಸಮವಾಗಿ ನುಡಿಸುವುದಿಲ್ಲ. ಮೊದಲನೆಯದನ್ನು ಎಳೆದು ಎರಡನೆಯದನ್ನು ಮೊಟಕು ಮಾಡುವರು. ಛಂದಸ್ಸನ್ನು ಬಲ್ಲವರಿಗೆ ಇದು ಗುರು-ಲಘು, ಗುರು-ಲಘು ಎಂಬ ಸಮಾನಿಕಾ ವೃತ್ತದ ನಡೆ. ತಾಳವನ್ನು ಬಲ್ಲವರು ಎಣಿಕೆಯನ್ನು ತಿಸ್ರವಾಗಿ ಒಡೆದು, ‘ತಕಿಟ’ದ ಮೊದಲೆರಡು ಅಕ್ಷರಗಳನ್ನು ಮೊದಲ ಸ್ವರಕ್ಕೂ ಕಡೆಯದನ್ನು ಎರಡನೆಯ ಸ್ವರಕ್ಕೂ ಹಂಚಿಕೊಳ್ಳಬಹುದು. ವೇಗ ಹೆಚ್ಚಿದಂತೆಲ್ಲ ಈ ಭೇದವು ಕಡಮೆಯಾಗುತ್ತ ಬರುವುದು. ಇದನ್ನು ಲೆಕ್ಕದಿಂದ ಕಲಿಸುವುದಕ್ಕಿಂತ ನಾಲಗೆಯಿಂದ ಕಲಿಸುವುದು ಲೇಸು. ತರೀಕೆರೆಯ ಕೆರೆಯೇರಿ ಮತ್ತು ಕರಿಯ ಕುರಿಮರಿಗಳ ನಾಲಗೆತೊಡರು ನಮ್ಮ ಕಡೆಯ ಮಕ್ಕಳಿಗೆಲ್ಲ ಬರುವುದಷ್ಟೆ. ಅದನ್ನು ಒಮ್ಮೆ ಸಮವಾಗಿ, ಒಮ್ಮೆ ಗುರು-ಲಘುವಾಗಿ, ಒಮ್ಮೆ ಚಪ್ಪಾಳೆಯು ಎರಡನೆಯ ನಾಲ್ಕನೆಯ ಎಣಿಕೆಗಳಿಗೆ ಬೀಳುವಂತೆ ಹೇಳಿಸಿ ನೋಡಿ. ಮಕ್ಕಳು ನಗುತ್ತ ನಗುತ್ತ ಲಯವನ್ನು ಹಿಡಿದುಬಿಡುವರು.

ಇಷ್ಟು ಪುಸ್ತಕಗಳಿಂದಲೂ ಧ್ವನಿಮುದ್ರಣಗಳಿಂದಲೂ ತಿಳಿಯತಕ್ಕದ್ದು. ಕಲಿಸುವವರು ಯಾರೆಂಬ ಪ್ರಶ್ನೆ ಹಾಗೆಯೇ ಉಳಿಯಿತಲ್ಲವೆ? ಆ ಯೋಚನೆಯಲ್ಲಿರುವಾಗ ನಮಗೆ ನಮ್ಮ ಸೀಮೆಯ ಹಾರ್ಮೋನಿಯಂ ಮೇಷ್ಟರುಗಳ ನೆನಪಾಯಿತು.

ಕಡೂರು, ತರೀಕೆರೆ, ಮತ್ತು ಈಚೆಗೆ ತರೀಕೆರೆಯಿಂದ ಬೇರ್ಪಟ್ಟು ತಾನೇ ತಾಲ್ಲೂಕಾದ ಅಜ್ಜಂಪುರ, ಈ ಮೂರು ಕಡೆಯ ಹಳ್ಳಿಗಳಲ್ಲಿಯೂ ಸುಗ್ಗಿ ಮುಗಿದ ಮೇಲೆ ಪೌರಾಣಿಕ ನಾಟಕವಾಡುವ ಪದ್ಧತಿಯುಂಟು. ಕುರುಕ್ಷೇತ್ರವೆಂದರೆ ರಾತ್ರಿ ಆರಂಭವಾಗಿ ಬೆಳಗಿನವರೆಗೆ. ಪಾತ್ರಧಾರಿಗಳು ಬೇಸಾಯಗಾರರು, ಅಂಗಡಿಯವರು, ಲಾರಿ ನಡೆಸುವವರು. ಸಂಗೀತವನ್ನು ಶಾಸ್ತ್ರೋಕ್ತವಾಗಿ ಕಲಿತವರು ಅವರಲ್ಲಿ ವಿರಳ. ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ಸಂಜೆಯ ಹೊತ್ತು ತಾಲೀಮು ನಡೆಸಿ, ಒಬ್ಬೊಬ್ಬರ ಕಂಠಕ್ಕೂ ತಕ್ಕ ಶ್ರುತಿಯನ್ನು ಗೊತ್ತುಮಾಡಿ, ಪದ್ಯಗಳನ್ನು ಬಾಯಿಗೆ ಹತ್ತಿಸುವರು. ನಾಟಕದ ರಾತ್ರಿ ರಂಗದ ಮುಂದೆ ಕಾಲುತಿದಿಯ ಹಾರ್ಮೋನಿಯಂ ಇಟ್ಟುಕೊಂಡು ಕುಳಿತರೆ ಬೆಳಗಾದ ಮೇಲೆಯೇ ಏಳುವುದು. ತಿದಿಯ ಕೆಲಸ ಕಾಲಿನದಾದ್ದರಿಂದ ಪಿಯಾನೋ ವಾದಕನಿಗಿರುವಂತೆ ಎರಡು ಕೈಗಳೂ ಅವರಿಗೆ ಬಿಡುವಾಗಿರುವುವು.

ಆ ಹತ್ತು ಗಂಟೆಗಳ ಕಾಲ ಅವರು ಮಾಡುವ ಕೆಲಸವನ್ನು ಸಭಿಕರು ಗಮನಿಸುವುದೇ ಇಲ್ಲ. ಎರಡೂವರೆ ಮನೆಯ ಶ್ರುತಿಯಲ್ಲಿ ತಾಲೀಮಾದ ದುರ್ಯೋಧನನು ಆವೇಶದಲ್ಲಿ ಮೂರನೆಯ ಮನೆಯಲ್ಲಿ ಎತ್ತಿಕೊಂಡರೆ, ಮೇಷ್ಟರು ಒಂದು ಉಸಿರಿನೊಳಗೆ ಇಡೀ ರಾಗವನ್ನು ಅಲ್ಲಿಗೆ ವರ್ಗಾಯಿಸಬೇಕು. ಧರ್ಮರಾಯನಿಗೆ ಪದ್ಯದ ಮೂರನೆಯ ಪಾದ ಮರೆತುಹೋದರೆ, ಅದು ನೆನಪಾಗುವವರೆಗೆ ಆ ರಾಗದಲ್ಲಿಯೇ ಸಂಚಾರ ಮಾಡುತ್ತ, ಮರೆವನ್ನು ಭಾವವೆಂದು ಜನ ತಿಳಿಯುವಂತೆ ನೋಡಿಕೊಳ್ಳಬೇಕು. ಪರದೆ ಸಿಕ್ಕಿಕೊಂಡರೆ ಅದು ಬಿಡುವವರೆಗೆ ತುಂಬಬೇಕು. ‘ಒನ್ಸ್ ಮೋರ್’ ಎಂದು ಕೂಗಿದರೆ ಅದೇ ಹಾಡಿಗೆ ಬೇರೆ ಮುಖವಾಡ ತೊಡಿಸಬೇಕು. ಇವಾವುದಕ್ಕೂ ಬರೆದ ಹಾಳೆಯಿಲ್ಲ. ಜಾಝ್ ಪಿಯಾನೋ ವಾದಕನು ಗಾಯಕಿಯ ಹಿಂದೆ ಕುಳಿತು ಮಾಡುವುದೂ ಇದನ್ನೇ. ಆದರೂ ಅವನನ್ನು ಕಲಾವಿದನೆನ್ನುವರು, ನಮ್ಮ ಮೇಷ್ಟರನ್ನು ನಾಟಕದ ಪೆಟ್ಟಿಗೆಯವರೆನ್ನುವರು.

ಅಜ್ಜಂಪುರದ ಸಮೀಪದ ಹಳ್ಳಿಯೊಂದರಲ್ಲಿ ಇಂತಹ ಮೇಷ್ಟರೊಬ್ಬರು ನಮಗೆ ಪರಿಚಿತರು. ಎಪ್ಪತ್ತು ದಾಟಿದವರು. ತರೀಕೆರೆಯ ತಂದೆಮಗಳನ್ನು ಅವರಲ್ಲಿಗೆ ಕರೆದುಕೊಂಡು ಹೋದೆವು. ಜಾಝ್ ಎಂಬ ಮಾತನ್ನು ಅವರು ಕೇಳಿದ್ದುದೇ ಇಲ್ಲ. ಹುಡುಗಿಯ ಕೈಯಲ್ಲಿ ಒಂದು ಪಾಠವನ್ನು ನುಡಿಸಿ ತೋರಿಸಹೇಳಿ, ಕೇಳಿ ತಲೆದೂಗಿ, “ಬೆರಳು ಚೆನ್ನಾಗಿ ಓಡುತ್ತೆ ಕಣಮ್ಮ. ಇನ್ನು ಮಾತಾಡೋಣ” ಎಂದರು.

ಹೀಗೆಂದು ಅವರು ಮೂರು ಮನೆಗಳನ್ನು ಮಾತ್ರ ತೋರಿಸಿದರು: ಷಡ್ಜ, ರಿಷಭ, ಗಾಂಧಾರ. “ನಾನು ಕೇಳ್ತೀನಿ, ನೀನು ಹೇಳು. ಈ ಮೂರು ಮನೆ ಬಿಟ್ಟು ಆಚೆ ಕಾಲಿಡಬೇಡ. ಕೊನೆಗೆ ಸ-ಗೆ ಬಂದು ಕೂತ್ಕೋ. ನಡುವೆ ಏನಾದರೂ ಮಾಡು.”

“ತಪ್ಪಾದರೆ, ತಾತ?”

“ಮೂರೇ ಮನೇಲಿ ತಪ್ಪು ಎಲ್ಲಮ್ಮ ಬರುತ್ತೆ?”

ಅವರು ನಾಲ್ಕು ಎಣಿಕೆಯ ಒಂದು ಪ್ರಶ್ನೆಯನ್ನು ನುಡಿಸಿದರು. ಹುಡುಗಿ ಹಾಗೆಯೇ ಹಿಂದಿರುಗಿಸಿದಳು. ಎರಡನೆಯ ಸಾರಿಯೂ ಹಾಗೆಯೇ. ಮೇಷ್ಟರು ಬೇಸರಿಸದೆ ಪ್ರಶ್ನೆಗಳನ್ನು ಹಾಕುತ್ತಲೇ ಹೋದರು. ಹತ್ತು ಹನ್ನೆರಡು ಸಾರಿಯಾದ ಬಳಿಕ ಅವಳ ಉತ್ತರದ ಕೊನೆಯಲ್ಲಿ ಒಂದು ಸ್ವರವು ತಡವಾಗಿ ಬಿದ್ದಿತು. ಮೇಷ್ಟರು ಒಡನೆಯೇ ಆ ತಡವನ್ನೇ ತಮ್ಮ ಮುಂದಿನ ಪ್ರಶ್ನೆಯಲ್ಲಿ ಬೇಕೆಂದು ನುಡಿಸಿದರು. ಹುಡುಗಿ ಬೆರಗಾಗಿ ಅವರ ಮುಖವನ್ನು ನೋಡಿದಳು. ತಾನು ತಪ್ಪೆಂದುಕೊಂಡದ್ದು ಅವರ ಕೈಯಲ್ಲಿ ಮಾತಾಯಿತು. ಅಲ್ಲಿಂದ ಮುಂದೆ ಅವಳ ಉತ್ತರಗಳು ಬೇರೆಯಾದುವು; ಒಮ್ಮೆಯಂತೂ ಮೇಷ್ಟರೇ “ಭಲೆ!” ಎಂದು ಗಟ್ಟಿಯಾಗಿ ನಕ್ಕರು. ಮುಕ್ಕಾಲು ಗಂಟೆ ಕಳೆದಮೇಲೆ ಅವರು ಅವಳಿಗೆ ಪಂಚಮವನ್ನು ದಯಪಾಲಿಸಿದರು. ನಾಲ್ಕನೆಯ ಮನೆ ಸಿಕ್ಕಿದ್ದಕ್ಕೆ ಆ ಮಗುವಿನ ಮುಖದಲ್ಲಿ ಕಂಡ ಹಿಗ್ಗು, ಎಂಬತ್ತೆಂಟು ಮನೆಗಳ ಪಿಯಾನೋವನ್ನು ಕೊಂಡುಕೊಟ್ಟಿದ್ದರೂ ಕಾಣುತ್ತಿರಲಿಲ್ಲ.

ಇದರಲ್ಲಿರುವ ಬೋಧನಕ್ರಮವು ಅವಧಾನಕಲೆಯನ್ನು ಬಲ್ಲವರಿಗೆ ಪರಿಚಿತವಾದದ್ದೇ. ಶತಾವಧಾನಿ ಗಣೇಶರ ಅವಧಾನಗಳನ್ನು ಕಂಡವರು ನಿಷೇಧಾಕ್ಷರಿಯನ್ನು ಬಲ್ಲರು: ಅವಧಾನಿಯು ಪದ್ಯವನ್ನು ಕಟ್ಟುತ್ತಿರುವಾಗ ಪೃಚ್ಛಕನು ಹೆಜ್ಜೆಹೆಜ್ಜೆಗೆ ಒಂದೊಂದು ಅಕ್ಷರವನ್ನು ನಿಷೇಧಿಸುತ್ತ ಹೋಗುವನು. ದಾರಿ ಮುಚ್ಚಿದಷ್ಟೂ ಪ್ರತಿಭೆಯು ಹೊಸ ದಾರಿಯನ್ನು ಹುಡುಕುವುದು. ಬಯಲಿನಲ್ಲಿ ನಿಲ್ಲಿಸಿ ‘ಎಲ್ಲಿಗಾದರೂ ನಡೆ’ ಎಂದರೆ ಮಗು ಅಳುವುದು. ಓಣಿಯಲ್ಲಿ ಬಿಟ್ಟರೆ ಓಡುವುದು. ಮಮ್ಮಟನು ಕಾವ್ಯಕ್ಕೆ ಶಕ್ತಿ, ನಿಪುಣತೆ, ಬಲ್ಲವರ ಶಿಕ್ಷಣದಿಂದ ಮಾಡುವ ಅಭ್ಯಾಸ ಈ ಮೂರೂ ಸೇರಿ ಒಂದೇ ಹೇತುವೆಂದು ಹೇಳಿರುವನು, ಮೂರು ಹೇತುಗಳೆನ್ನಲಿಲ್ಲ. ಜನ್ಮತಃ ಬಂದ ಶಕ್ತಿಯೊಂದೇ ಸಾಕೆನ್ನುವವರೂ ಅಭ್ಯಾಸವೊಂದೇ ಸಾಕೆನ್ನುವವರೂ ಆ ಏಕವಚನವನ್ನು ಮರೆತವರು.

ಅಭ್ಯಾಸವೆಂದರೆ ಬರಿಯ ಪ್ರಸ್ತಾರವೂ ಅಲ್ಲ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಸ್ವರಗಳ ಪ್ರಸ್ತಾರವನ್ನು ವಿವರಿಸಿರುವನು. ನಾಲ್ಕು ಸ್ವರಗಳನ್ನು 24 ಬಗೆಯಲ್ಲಿ, ಏಳನ್ನು 5040 ಬಗೆಯಲ್ಲಿ ಅಣಿಗೊಳಿಸಬಹುದು. ಇದನ್ನೆಲ್ಲ ಯಂತ್ರವೂ ಮಾಡೀತು. ಈ 24ರಲ್ಲಿ ಯಾವುದು ಈಗ ಬೇಕೆಂಬುದನ್ನು ಕಿವಿ ಹೇಳಬೇಕು, ಕಿವಿಗೆ ಕಂಠವು ಕಲಿಸಬೇಕು. ನ್ಯೂಯಾರ್ಕಿನಲ್ಲಿ ಜಾಝ್ ಮನೋಧರ್ಮವನ್ನು ಕ್ರಮಬದ್ಧವಾಗಿ ಬೋಧಿಸಿದವರಲ್ಲಿ ಮೊದಲಿಗರಲ್ಲೊಬ್ಬನಾದ ಲೆನ್ನಿ ಟ್ರಿಸ್ಟಾನೋ (1919–1978) ಹುಟ್ಟುಗುರುಡನಲ್ಲದಿದ್ದರೂ ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡ ಪಿಯಾನೋ ವಾದಕ. ಅವನು ಶಿಷ್ಯರಿಗೆ ಹಿರಿಯ ವಾದಕರ ತಟ್ಟೆಗಳನ್ನು ಕೊಟ್ಟು, ಅವುಗಳಲ್ಲಿನ ಮನೋಧರ್ಮವನ್ನು ಉಸಿರು ಸಹಿತ ಬಾಯಲ್ಲಿ ಹಾಡುವಂತೆ ಮಾಡುತ್ತಿದ್ದನು. ವಾದ್ಯವನ್ನು ಮುಟ್ಟುವುದು ಆಮೇಲೆ. ನಮ್ಮ ವೈಣಿಕರೂ ಶಿಷ್ಯರಿಗೆ ಮೊದಲು ಹಾಡಲು ಹೇಳುವರು. ಅಜ್ಜಂಪುರದ ಮೇಷ್ಟರೂ ಎರಡನೆಯ ದಿನ ಹುಡುಗಿಗೆ ಹೇಳಿದ್ದು ಅದೇ: ಬಾಯಲ್ಲಿ ಬಾರದ್ದನ್ನು ಬೆರಳಿನಲ್ಲಿ ಹುಡುಕಬಾರದು.

ಸಮೀಪದಲ್ಲಿ ಮೇಷ್ಟರಿಲ್ಲದ ಮನೆಗಳವರು ಕಪ್ಪು ಮನೆಗಳಿಂದ ಆರಂಭಿಸಬಹುದು. ಕೀಬೋರ್ಡಿನ ಪ್ರತಿ ಸ್ಥಾಯಿಯಲ್ಲಿ ಕಪ್ಪು ಮನೆಗಳು ಐದು. ಎರಡರ ಗುಂಪೊಂದು, ಮೂರರ ಗುಂಪೊಂದು. ಈ ಐದನ್ನು ಯಾವ ಕ್ರಮದಲ್ಲಿ ಒತ್ತಿದರೂ ಕರ್ಕಶವಾಗದು. ಮೂರರ ಗುಂಪಿನ ಮೊದಲನೆಯದನ್ನು ಷಡ್ಜವೆಂದುಕೊಂಡು ಏರಿದರೆ ಮೋಹನ. ಅದರ ಎರಡನೆಯದು ಷಡ್ಜವಾದರೆ ಮಧ್ಯಮಾವತಿ, ಮೂರನೆಯದಾದರೆ ಹಿಂದೋಳ. ಎರಡರ ಗುಂಪಿನ ಮೊದಲನೆಯದರಿಂದ ಶುದ್ಧಸಾವೇರಿ, ಎರಡನೆಯದರಿಂದ ಶುದ್ಧಧನ್ಯಾಸಿ. ಗ್ರಹಭೇದವೆಂದು ಗ್ರಂಥಗಳಲ್ಲಿ ಕಠಿಣವಾಗಿ ಹೇಳಿರುವುದು ಇಲ್ಲಿ ಕಣ್ಣೆದುರಿಗೇ ಇರುವುದು. ದೊಡ್ಡವರು ಎಡಬದಿಯಲ್ಲಿ ಕುಳಿತು ಷಡ್ಜವನ್ನು ಒತ್ತಿ ಹಿಡಿಯಲಿ. ಮಗು ಮಿಕ್ಕ ನಾಲ್ಕರಲ್ಲಿ ವಿಹರಿಸಲಿ. ದೊಡ್ಡವರು ಷಡ್ಜವನ್ನು ಬದಲಾಯಿಸಿದೊಡನೆ ಅದೇ ಐದು ಮನೆಗಳಲ್ಲಿ ಬೇರೊಂದು ರಾಗವು ಕಣ್ದೆರೆಯುವುದನ್ನು ಕೇಳಿ ಮಕ್ಕಳು ಚಪ್ಪಾಳೆ ತಟ್ಟುವರು. ಇವುಗಳಲ್ಲಿ ಶುದ್ಧಧನ್ಯಾಸಿಯ ಸ್ವರಗಳೇ ಬ್ಲೂಸಿನ ಬೆನ್ನೆಲುಬು. ಮಧ್ಯಮ ಪಂಚಮಗಳ ನಡುವಿನ ಪ್ರತಿಮಧ್ಯಮವನ್ನು ಜಾರುವ ಸ್ವರವಾಗಿ ಸೇರಿಸಿದರೆ ಅಮೆರಿಕದವರು ಬ್ಲೂಸ್ ಸ್ಕೇಲ್ ಎಂದು ಕರೆಯುವ ಸ್ವರಾವಳಿಯು ಸಿದ್ಧವಾಗುವುದು.

ಮನೆವಾದ್ಯದಲ್ಲಿ ಗಮಕವೆಲ್ಲಿ ಬರುವುದೆಂದು ಸಂಗೀತಾಭಿಮಾನಿಗಳು ಕೇಳುವರು. ನ್ಯಾಯವಾದ ಆಕ್ಷೇಪಣೆಯೇ. ಫ್ರಾನ್ಸಿನಲ್ಲಿ ಹುಟ್ಟಿದ ಹಾರ್ಮೋನಿಯಮ್ಮಿಗೆ 1875ರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಕೈತಿದಿಯ ರೂಪವನ್ನು ಕೊಟ್ಟರು. ಅದು ಮನೆಮನೆಗೂ ಹರಡಿತು. 1940ರಲ್ಲಿ ಆಲ್ ಇಂಡಿಯಾ ರೇಡಿಯೋದವರು ಅದನ್ನು ಬಹಿಷ್ಕರಿಸಿದರು. 1971ರಲ್ಲಿ ಆ ನಿಷೇಧವು ಭಾಗಶಃ ಸಡಿಲವಾಯಿತು. ತೋಡಿಯ ಗಾಂಧಾರವನ್ನು ಹಾರ್ಮೋನಿಯಮ್ಮಿನಲ್ಲಿ ತರಲಾಗದೆಂಬುದನ್ನು ನಾವೂ ಒಪ್ಪುವೆವು. ಅದಕ್ಕೆ ವೀಣೆಯೇ ಬೇಕು. ಆದರೆ ಈ ಕೊರತೆಯು ಜಾಝ್ ಪಿಯಾನೋದವರಿಗೂ ಉಂಟು. ಬ್ಲೂಸ್ ಹಾಡುವವರ ಗಾಂಧಾರವು ಸಾಧಾರಣವೂ ಅಲ್ಲ, ಅಂತರವೂ ಅಲ್ಲ. ಎರಡು ಮನೆಗಳ ನಡುವೆ ತೂಗಾಡುವಂಥದು. ಪಿಯಾನೋದಲ್ಲಿ ಆ ನಡುವಿನ ಮನೆಯೇ ಇಲ್ಲ. ಆದುದರಿಂದ ಅವರು ಕೆಳಗಿನ ಗಾಂಧಾರವನ್ನು ಚಿವುಟಿದಂತೆ ಒತ್ತಿ ಮೇಲಿನದಕ್ಕೆ ಜಾರುವರು. ಎಡಗೈಯಲ್ಲಿ ಅಂತರಗಾಂಧಾರವಿರುವಾಗಲೇ ಬಲಗೈಯಲ್ಲಿ ಸಾಧಾರಣವನ್ನು ಹಿಡಿದು ಘರ್ಷಣೆ ಮಾಡುವರು. ನಮ್ಮ ಕಿವಿಗೆ ಮೊದಲು ಇದು ವಿವಾದಿಯಂತೆ ಕೇಳಿದರೂ, ಇಲ್ಲದ ಗಮಕವನ್ನು ಇದ್ದಂತೆ ಭ್ರಮಿಸುವ ಹಾಗೆ ಮಾಡುವ ಉಪಾಯವದು. ನಾಟಕದ ಮೇಷ್ಟರುಗಳೂ ಎರಡು ಮನೆಗಳ ಮೇಲೆ ಒಂದೇ ಬೆರಳನ್ನು ಜಾರಿಸಿ ಇದನ್ನೇ ಮಾಡುವರು.

ಜಾಝ್ ಕಲಿತ ಮಕ್ಕಳ ರಾಗಶುದ್ಧಿ ಕೆಡುವುದೆಂಬ ಭಯವು ಬೇಡ. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷ್ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ರಚಿಸಿದರು. ಅವರ ರಾಗಶುದ್ಧಿಯನ್ನು ಪ್ರಶ್ನಿಸುವವರು ಯಾರು? ನಾವು ಹೆದರಬೇಕಾದದ್ದು ಬೇರೊಂದಕ್ಕೆ. ಗುಂಡಿಯನ್ನು ಒತ್ತಿದರೆ ತಾಳವೂ ಸ್ವರಗುಚ್ಛವೂ ತಾವೇ ನುಡಿಯುವ ಕೀಬೋರ್ಡುಗಳು ನಾಟಕದ ರಂಗಕ್ಕೂ ಬಂದಿರುವುವು. ಅವುಗಳ ತಾಳವು ನಟನಿಗಾಗಿ ಕಾಯುವುದಿಲ್ಲ. ಮರೆತವನನ್ನು ಬಿಟ್ಟು ಮುಂದೆ ಹೋಗಿಬಿಡುವುದು. ಕಾಯಬಲ್ಲ ಮೇಷ್ಟರುಗಳಲ್ಲಿ ಅನೇಕರಿಗೆ ಈಗ ಶಿಷ್ಯರಿಲ್ಲ. ಅಜ್ಜಂಪುರದ ಮೇಷ್ಟರ ಸ್ವಂತ ಮಕ್ಕಳೇ ಬೇರೆ ವೃತ್ತಿಗಳಲ್ಲಿರುವರು. ಸದ್ಯಕ್ಕೆ ತರೀಕೆರೆಯ ಹುಡುಗಿಯೊಬ್ಬಳು ಹದಿನೈದು ದಿನಗಳಿಗೊಮ್ಮೆ ಅಲ್ಲಿಗೆ ಹೋಗಿಬರುವಳು. ಮನೆಯಲ್ಲಿ ಎಡಗೈಯ ಎರಡು ಬೆರಳುಗಳ ಬ್ಲೂಸನ್ನು ತಾನೇ ಸಾಧಿಸಿಕೊಂಡು, ಮೇಷ್ಟರಿಗೆ ಅದನ್ನು ತೋರಿಸಿಕೊಟ್ಟಿರುವಳಂತೆ. ಅವರು ಅದರ ಮೇಲೆ ನಾಟಕದ ಮಟ್ಟೊಂದನ್ನು ನುಡಿಸಿದರಂತೆ.

ಕೊಳ್ಳುವ ಖರ್ಚಿಗೆ ಹಿಂಜರಿಯುವ ಗೃಹಸ್ಥರಿಗೆ ಒಂದು ಸೂಚನೆ. ನಮ್ಮ ಕಡೆಯ ಹಳೆಯ ಮನೆಗಳ ಅಟ್ಟದ ಮೇಲೆಯೂ ಭಜನಾ ಮಂದಿರಗಳ ಮೂಲೆಯಲ್ಲಿಯೂ ಹಿಂದಿನವರು ಕೊಂಡ ಹಾರ್ಮೋನಿಯಂಗಳು ಧೂಳು ತಿನ್ನುತ್ತ ಬಿದ್ದಿರುವುದುಂಟು. ಶಬ್ದ ಹೊರಡದಿದ್ದರೆ ಕೆಟ್ಟಿತೆಂದು ಗುಜರಿಗೆ ಹಾಕಬಾರದು. ಒಳಗಿನ ರೀಡುಗಳು ಹಿತ್ತಾಳೆಯವು, ಬಹುಕಾಲ ಬಾಳುವಂಥವು. ಸಾಮಾನ್ಯವಾಗಿ ಇಲಿ ಕಡಿದಿರುವುದು ತಿದಿಯನ್ನು ಮಾತ್ರ. ಅದನ್ನು ಬಿಚ್ಚಿ, ರೀಡುಗಳ ಧೂಳನ್ನು ಮೆತ್ತನೆಯ ಕುಂಚದಿಂದ ಒರಸಿ, ತಿದಿಗೆ ಹೊಸ ತೊಗಲನ್ನು ಅಂಟಿಸಿದರೆ ಮೂವತ್ತಾರೋ ನಲವತ್ತೆರಡೋ ಮನೆಗಳು ಮತ್ತೆ ಮಾತಾಡುವುವು. ಆರಂಭಕ್ಕೆ ಬೇಕಾದದ್ದು ಅವುಗಳಲ್ಲಿ ಮೂರು.